ಕಿವಿ ಹೇಳುವ ಸುಳ್ಳು

ನಮ್ಮ ದೇಶದಲ್ಲಿ ಕಾರು ಓಡಿಸುವ ಲೈಸೆನ್ಸ್ ಬೇಕಾದರೆ 18 ವರ್ಷ ತುಂಬಿರಬೇಕು. ಆದರೆ ಪುಟ್ಟ ವಿಮಾನವೊಂದನ್ನು ಸ್ವಂತ ಖುಷಿಗಾಗಿ ಹಾರಿಸುವ ಖಾಸಗಿ ಪೈಲಟ್ ಲೈಸೆನ್ಸಿಗೆ 17 ಸಾಕು! ಕಲಿಯುವವರ ಲೈಸೆನ್ಸಾದರೆ 16ಕ್ಕೇ ಸಿಗುತ್ತದೆ. ಈ ಸಂಗತಿಯನ್ನು ತರಗತಿಯಲ್ಲಿ ಹೇಳಿದರೆ ಹಿಂದಿನ ಬೆಂಚಿನವರೂ ಕತ್ತು ನೆಟ್ಟಗೆ ಮಾಡುತ್ತಾರೆ. ಪೋಷಕರ ಸಭೆಯಲ್ಲಿ ಹೇಳಿದರೆ ಮಾತ್ರ, "ಇದನ್ನೆಲ್ಲ ಹುಡುಗರ ತಲೆಗೆ ಯಾಕೆ ತುಂಬುತ್ತೀರಿ ಮೇಷ್ಟ್ರೇ?" ಎಂಬ ನೋಟ ಎದುರಾಗುತ್ತದೆ.

ಹದಿನೇಳರ ಹುಡುಗ ವಿಮಾನ ಹಾರಿಸುವುದು ಹೊಸತೇನೂ ಅಲ್ಲ. 1930ರ ಮೇ ತಿಂಗಳಲ್ಲಿ ಆಸ್ಪಿ ಎಂಜಿನಿಯರ್ ಎಂಬ ಪಾರ್ಸಿ ಹುಡುಗ ಜಿಪ್ಸಿ ಮಾತ್ ಎಂಬ ತೆರೆದ ಪುಟ್ಟ ವಿಮಾನದಲ್ಲಿ ಇಂಗ್ಲೆಂಡಿನಿಂದ ಕರಾಚಿಗೆ ಒಬ್ಬನೇ ಹಾರಿ ಬಂದು ಆಗಾ ಖಾನ್ ಬಹುಮಾನ ಗೆದ್ದ. ಆಗ ಅವನ ವಯಸ್ಸು 17. ಅದೇ ಬಹುಮಾನಕ್ಕಾಗಿ ಎದುರು ದಿಕ್ಕಿನಿಂದ ಹಾರುತ್ತಿದ್ದ ಇನ್ನೊಬ್ಬ ತರುಣ ಜೆ.ಆರ್.ಡಿ. ಟಾಟಾ. ಈಜಿಪ್ಟಿನ ಅಬೂಕಿರ್‌ನಲ್ಲಿ ಇಬ್ಬರೂ ಭೇಟಿಯಾದಾಗ ಆಸ್ಪಿ ಸ್ಪಾರ್ಕ್ ಪ್ಲಗ್ ಇಲ್ಲದೆ ಕೂತಿದ್ದ. ಟಾಟಾ ತಮ್ಮ ಬಳಿಯಿದ್ದ ಹೆಚ್ಚಿನ ಪ್ಲಗ್‌ಗಳನ್ನು ಕೊಟ್ಟರು, ಸ್ಪರ್ಧೆಯಲ್ಲಿ ಸೋತರು! ಆ ಹುಡುಗ ಮುಂದೆ ಬೆಂಗಳೂರಿನ ಹಿಂದೂಸ್ತಾನ್ ವಿಮಾನ ಕಾರ್ಖಾನೆಯ ಮುಖ್ಯಸ್ಥನಾಗಿ, 1960ರಲ್ಲಿ ಭಾರತೀಯ ವಾಯುಪಡೆಯ ದಂಡನಾಯಕನೂ ಆದ.

ಬೆಂಗಳೂರಿನಿಂದ ಬಳ್ಳಾರಿ ರಸ್ತೆಯಲ್ಲಿ ಹೊರಟವರು ಜಕ್ಕೂರಿನ ಬಳಿ ಪುಟ್ಟ ವಿಮಾನಗಳನ್ನು ನೋಡಿರಬಹುದು. ಜಗತ್ತಿನಲ್ಲಿ ಅತಿ ಹೆಚ್ಚು ಸಂಖ್ಯೆಯಲ್ಲಿ ತಯಾರಾದ ಸೆಸ್ನಾ 172 ಎಂಬ ವಿಮಾನವನ್ನೇ ತೆಗೆದುಕೊಳ್ಳಿ. ನಾಲ್ಕು ಸೀಟು, ಮುಂದೊಂದು ಪಂಖ. ಇಂಧನ, ಜನ, ಸಾಮಾನು ಎಲ್ಲ ತುಂಬಿದ ಮೇಲೂ ತೂಕ ಒಂದು ಟನ್ನಿಗಿಂತ ತುಸು ಹೆಚ್ಚು, ಅಷ್ಟೆ. ವೇಗ ಗಂಟೆಗೆ ಸುಮಾರು 200 ಕಿಲೋಮೀಟರ್. ಒಳ್ಳೆಯ ಬೆಳಕಿನಲ್ಲಿ, ತಿಳಿ ಆಕಾಶದಲ್ಲಿ ಇದನ್ನು ಹಾರಿಸುವುದು ಬುದ್ಧಿವಂತ ಹುಡುಗ ಹುಡುಗಿಯರಿಗೆ ಬ್ರಹ್ಮವಿದ್ಯೆಯಲ್ಲ. ಕಷ್ಟ ಇರುವುದು ಎಂಜಿನ್ನಿನಲ್ಲಲ್ಲ, ರೆಕ್ಕೆಯಲ್ಲೂ ಅಲ್ಲ. ಅದು ಹಾರಿಸುವವನ ಕಿವಿಯಲ್ಲಿದೆ. ಕೇಳುವ ಕಿವಿಯಲ್ಲ, ಅದರ ಒಳಗೆ, ತಲೆಬುರುಡೆಯ ಮೂಳೆಯಲ್ಲಿ ಹುದುಗಿರುವ ಇನ್ನೊಂದು ಕಿವಿಯಲ್ಲಿ.

1999ರ ಜುಲೈ 16ರ ಸಂಜೆ ಅಮೆರಿಕದ ನ್ಯೂಜೆರ್ಸಿ ರಾಜ್ಯದ ಒಂದು ಸಣ್ಣ ವಿಮಾನ ನಿಲ್ದಾಣದಿಂದ ಪೈಪರ್ ಸಾರಾಟೋಗಾ ಎಂಬ ಒಂಟಿ ಎಂಜಿನ್ನಿನ ವಿಮಾನ ಮೇಲೇರಿತು. ಹಾರಿಸುತ್ತಿದ್ದವರು 38 ವರ್ಷದ ಜಾನ್ ಎಫ್. ಕೆನಡಿ ಜೂನಿಯರ್, ಹತ್ಯೆಗೀಡಾದ ಅಧ್ಯಕ್ಷ ಕೆನಡಿಯವರ ಮಗ. ಜತೆಗೆ ಪತ್ನಿ ಮತ್ತು ಆಕೆಯ ಅಕ್ಕ. ಮರುದಿನ ಬಂಧುವೊಬ್ಬಳ ಮದುವೆ. ದಾರಿಯಲ್ಲಿ ಮಾರ್ಥಾಸ್ ವಿನ್‌ಯಾರ್ಡ್ ಎಂಬ ದ್ವೀಪದಲ್ಲಿ ನಾದಿನಿಯನ್ನು ಇಳಿಸಿ ಮುಂದೆ ಹೋಗಬೇಕಿತ್ತು. ಹೊರಟಿದ್ದು ರಾತ್ರಿ 8 ಗಂಟೆ 38 ನಿಮಿಷಕ್ಕೆ. ಅಷ್ಟರಲ್ಲಿ ಸೂರ್ಯ ಮುಳುಗಿಯಾಗಿತ್ತು.

ಈತ ಹುಂಬನಲ್ಲ. 1998ರ ಏಪ್ರಿಲಿನಲ್ಲಿ ಖಾಸಗಿ ಪೈಲಟ್ ಲೈಸೆನ್ಸ್ ಪಡೆದು, ಒಟ್ಟು ಸುಮಾರು 310 ಗಂಟೆ ಹಾರಿದ್ದವರು. ಅದೇ ದಾರಿಯಲ್ಲಿ ಹಲವು ಸಲ ಹೋಗಿ ಬಂದವರು. ಕೇವಲ ಉಪಕರಣಗಳನ್ನು ನೋಡಿ ಹಾರುವ ಹೆಚ್ಚಿನ ತರಬೇತಿಗೂ ಸೇರಿದ್ದರು, ಅದಿನ್ನೂ ಮುಗಿದಿರಲಿಲ್ಲ. ಆ ದಿನ ಶಿಕ್ಷಕರೊಬ್ಬರು ಜತೆಗೆ ಬರಲೇ ಎಂದು ಕೇಳಿದಾಗ, ಒಬ್ಬನೇ ಹಾರಿಸುತ್ತೇನೆ ಎಂದಿದ್ದರು. ಕಾನೂನಿನ ಪ್ರಕಾರ ಅದರಲ್ಲಿ ತಪ್ಪೇನೂ ಇರಲಿಲ್ಲ.

ಕರಾವಳಿಯ ಗುಂಟ ದೀಪಗಳು ಕಾಣುವವರೆಗೆ ಎಲ್ಲ ಸರಿಯಿತ್ತು. ಆಮೇಲೆ ಸುಮಾರು 30 ಮೈಲಿ ತೆರೆದ ಸಮುದ್ರ. ಕೆಳಗೆ ಕಪ್ಪು ನೀರು, ಮೇಲೆ ಕಪ್ಪು ಆಕಾಶ, ನಡುವೆ ಬೇಸಿಗೆಯ ಮಬ್ಬು. ನೀರು ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಗುತ್ತದೆ ಎಂಬ ಗೆರೆಯೇ ಇಲ್ಲ. ಅದೇ ರಾತ್ರಿ ಆ ಭಾಗದಲ್ಲಿ ಹಾರಿದ ಬೇರೆ ಪೈಲಟ್‌ಗಳೂ ದಿಗಂತ ಕಾಣಲಿಲ್ಲವೆಂದು ಆಮೇಲೆ ಹೇಳಿದರು. 5,500 ಅಡಿ ಎತ್ತರದಿಂದ ವಿಮಾನ ಇಳಿಯತೊಡಗಿತು. ರೇಡಾರ್ ದಾಖಲೆಯ ಪ್ರಕಾರ ಸುಮಾರು 2,200 ಅಡಿಗೆ ಬಂದ ಮೇಲೆ ಅದು ಸ್ವಲ್ಪ ಏರಿತು, ಎಡಕ್ಕೆ ಹೊರಳಿತು, ಬಳಿಕ ಬಲಕ್ಕೆ ತಿರುಗುತ್ತ ತಿರುಗುತ್ತ ಕುಸಿಯಿತು. ಕೊನೆಯಲ್ಲಿ ಕುಸಿತದ ವೇಗ ನಿಮಿಷಕ್ಕೆ 4,700 ಅಡಿಯನ್ನೂ ಮೀರಿತ್ತು. ಕೊನೆಯ ಬಾರಿ ರೇಡಾರಿನಲ್ಲಿ ಕಂಡಾಗ ಎತ್ತರ 1,100 ಅಡಿ. ಪುಟ್ಟ ಭಾಗಾಕಾರ ಮಾಡಿ ನೋಡಿ: ಅಲ್ಲಿಂದ ನೀರಿಗೆ ಉಳಿದಿದ್ದ ಸಮಯ 14 ಸೆಕೆಂಡಿಗಿಂತ ಹೆಚ್ಚಿಲ್ಲ. ಮೂವರೂ ತೀರಿಕೊಂಡರು. ತನಿಖೆಯಲ್ಲಿ ಎಂಜಿನ್ನಿನಲ್ಲಾಗಲಿ ಬೇರೆ ಯಂತ್ರಭಾಗಗಳಲ್ಲಾಗಲಿ ದೋಷ ಕಂಡುಬರಲಿಲ್ಲ. ಕತ್ತಲು ಮತ್ತು ಮಬ್ಬಿನಲ್ಲಿ ಚಾಲಕನಿಗೆ ತಾನು ಯಾವ ಕಡೆ ವಾಲಿದ್ದೇನೆ ಎಂಬ ಅರಿವೇ ತಪ್ಪಿತು, ಅದರಿಂದ ಹತೋಟಿ ತಪ್ಪಿತು ಎಂಬುದು ತನಿಖೆಯ ತೀರ್ಮಾನ.

ಇಲ್ಲಿ ಯಾರಾದರೂ ಕೇಳಬೇಕಾದ ಪ್ರಶ್ನೆ: ವಾಲುವುದು, ತಲೆಕೆಳಗಾಗುವುದು ನಮಗೆ ಕಣ್ಣು ಮುಚ್ಚಿದ್ದರೂ ಗೊತ್ತಾಗುವುದಿಲ್ಲವೆ? ಮಂಚದ ಮೇಲೆ ಮಗ್ಗುಲು ಬದಲಿಸಿದರೆ ಗೊತ್ತಾಗುತ್ತದೆ. ಬಸ್ಸು ತಿರುವು ಹಾಕಿದರೆ ಗೊತ್ತಾಗುತ್ತದೆ. ವಿಮಾನದಲ್ಲಿ ಮಾತ್ರ ಏಕೆ ಗೊತ್ತಾಗಬಾರದು?

ಉತ್ತರಕ್ಕೆ ಒಳಕಿವಿಗೆ ಹೋಗಬೇಕು. ಅಲ್ಲಿ ಮೂರು ಅರ್ಧವೃತ್ತಾಕಾರದ ನಾಳಗಳಿವೆ ಎಂದು ಪಠ್ಯಪುಸ್ತಕದಲ್ಲಿ ಓದಿರುತ್ತೀರಿ. ಚಿತ್ರ ಬಿಡಿಸಿ, ಹೆಸರು ಬರೆದು, ಅಂಕ ತೆಗೆದುಕೊಂಡು ಮರೆತೂ ಇರುತ್ತೀರಿ. ಒಂದಕ್ಕೊಂದು ಲಂಬವಾಗಿ, ಕೋಣೆಯ ಮೂಲೆಯಲ್ಲಿ ನೆಲ ಮತ್ತು ಎರಡು ಗೋಡೆ ಕೂಡುವಂತೆ, ಇವು ನಿಂತಿವೆ. ಒಳಗೆ ದ್ರವ. ಒಂದು ಕಡೆ ಮೆತ್ತನೆಯ ಪರದೆಯಂಥ ರಚನೆ, ಅದರೊಳಗೆ ಸೂಕ್ಷ್ಮ ರೋಮಗಳಿರುವ ಜೀವಕೋಶಗಳು. ತಲೆ ತಿರುಗಿದಾಗ ನಾಳ ತಿರುಗುತ್ತದೆ, ದ್ರವ ಮಾತ್ರ ಜಡತ್ವದಿಂದ ಹಿಂದೆ ಉಳಿಯುತ್ತದೆ. ಪರದೆ ಬಾಗುತ್ತದೆ, ರೋಮಗಳು ಬಾಗುತ್ತವೆ, ಮೆದುಳಿಗೆ 'ತಿರುಗುತ್ತಿದ್ದೇವೆ' ಎಂಬ ಸುದ್ದಿ ಹೋಗುತ್ತದೆ.

ಇದನ್ನು ಕಣ್ಣಾರೆ ನೋಡಬೇಕೆ? ಆಫೀಸುಗಳಲ್ಲಿರುವ ತಿರುಗುವ ಕುರ್ಚಿಯ ನಟ್ಟನಡುವೆ ಒಂದು ಲೋಟ ನೀರಿಡಿ. ಅದರಲ್ಲಿ ಒಂದು ತುಳಸಿ ಎಲೆ ತೇಲಿಬಿಡಿ. ಕುರ್ಚಿಯನ್ನು ಒಂದೇ ವೇಗದಲ್ಲಿ ತಿರುಗಿಸಿ. ಮೊದಲು ಲೋಟ ತಿರುಗುತ್ತದೆ, ಎಲೆ ನಿಂತಲ್ಲೇ ಇರುತ್ತದೆ. ತಿರುಗಿಸುತ್ತಲೇ ಇದ್ದರೆ ನಿಧಾನವಾಗಿ ನೀರೂ ಎಲೆಯೂ ಲೋಟದ ವೇಗಕ್ಕೆ ಬಂದು ಬಿಡುತ್ತವೆ. ಈಗ ಲೋಟಕ್ಕೂ ನೀರಿಗೂ ವ್ಯತ್ಯಾಸವೇ ಇಲ್ಲ. ಕುರ್ಚಿಯನ್ನು ನಿಲ್ಲಿಸಿ. ಲೋಟ ನಿಂತಿತು, ಎಲೆ ಮಾತ್ರ ತಿರುಗುತ್ತಲೇ ಇದೆ!

ಒಳಕಿವಿಯಲ್ಲೂ ಹೀಗೆಯೇ. ಒಂದೇ ವೇಗದಲ್ಲಿ ಹದಿನೈದಿಪ್ಪತ್ತು ಸೆಕೆಂಡು ತಿರುಗಿದರೆ 'ತಿರುಗುತ್ತಿದ್ದೇವೆ' ಎಂಬ ಸುದ್ದಿ ಬತ್ತಿಹೋಗುತ್ತದೆ. ನಿಂತಾಗ 'ವಿರುದ್ಧ ದಿಕ್ಕಿಗೆ ತಿರುಗುತ್ತಿದ್ದೇವೆ' ಎಂಬ ಶುದ್ಧ ಸುಳ್ಳು ಮೆದುಳಿಗೆ ತಲುಪುತ್ತದೆ. ಲೋಟವನ್ನು ತೆಗೆದು ಈಗ ಕುರ್ಚಿಯಲ್ಲಿ ಗೆಳೆಯನನ್ನು ಕೂರಿಸಿ, ಕಣ್ಣಿಗೆ ಬಟ್ಟೆ ಕಟ್ಟಿ. ತಿರುಗುವ ದಿಕ್ಕಿಗೆ ಹೆಬ್ಬೆರಳು ತೋರಿಸು ಎನ್ನಿ. ನಾಲ್ಕು ಸೆಕೆಂಡಿಗೊಂದು ಸುತ್ತಿನಂತೆ ಅರ್ಧ ನಿಮಿಷ, ಸದ್ದಿಲ್ಲದೆ, ಸಮನಾಗಿ ತಿರುಗಿಸಿ. ನಡುವೆಯೇ ಹೆಬ್ಬೆರಳು ನೆಟ್ಟಗಾಗುತ್ತದೆ: 'ನಿಂತಿದ್ದೇನೆ'. ಮೆಲ್ಲನೆ ನಿಲ್ಲಿಸಿ. ಹೆಬ್ಬೆರಳು ಎದುರು ದಿಕ್ಕಿಗೆ ವಾಲುತ್ತದೆ. ಸುತ್ತ ನಿಂತವರ ನಗು ಕೇಳಿ ಅವನಿಗೆ ಸಿಟ್ಟೂ ಬರುತ್ತದೆ, ಏಕೆಂದರೆ ತಾನು ಹೇಳಿದ್ದೇ ಸತ್ಯವೆಂದು ಅವನ ಮೈಯೆಲ್ಲ ಸಾಕ್ಷಿ ಹೇಳುತ್ತಿರುತ್ತದೆ. (ಊಟವಾದ ಕೂಡಲೇ ಈ ಪ್ರಯೋಗ ಬೇಡ. ಎರಡೂ ಪಕ್ಕ ಒಬ್ಬೊಬ್ಬರು ನಿಂತಿರಲಿ. ಬಟ್ಟೆ ಬಿಚ್ಚಿದ ತಕ್ಷಣ ಎದ್ದು ನಿಲ್ಲಲು ಬಿಡಬೇಡಿ.)

ಇನ್ನೂ ಒಂದು ತೊಡಕಿದೆ. ತಿರುಗುವುದು ಬಹಳ ನಿಧಾನವಾಗಿ ಶುರುವಾದರೆ ಸುದ್ದಿ ಮೊದಲಿಗೂ ಹೋಗುವುದಿಲ್ಲ. ವಿಮಾನದ ಒಂದು ರೆಕ್ಕೆ ನಿಮಿಷದುದ್ದಕ್ಕೂ ಸ್ವಲ್ಪ ಸ್ವಲ್ಪವೇ ಕೆಳಗಿಳಿದರೆ, ಒಳಕಿವಿಯ ಲೆಕ್ಕದಲ್ಲಿ ಏನೂ ಆಗಿಲ್ಲ.

ಹಾಗಿದ್ದರೂ ಭಾರ ಒಂದು ಕಡೆಗೆ ಜಗ್ಗಬೇಕಲ್ಲ ಎನ್ನುತ್ತೀರಾ? ಆಗುಂಬೆ ಘಾಟಿಯ ತಿರುವಿನಲ್ಲಿ ಬಸ್ಸಿನ ಪ್ರಯಾಣಿಕರು ಪಕ್ಕದವರ ಮೇಲೆ ಬೀಳುವುದು ನಿಜ. ಆದರೆ ಸೈಕಲ್ ಸವಾರ ತಿರುವಿನಲ್ಲಿ ವಾಲಿದಾಗ ಬೀಳುವುದಿಲ್ಲ, ಬೀಳುತ್ತೇನೆಂದು ಅನಿಸುವುದೂ ಇಲ್ಲ. ವಿಮಾನ ಸೈಕಲ್ಲಿನ ಜಾತಿಗೆ ಸೇರಿದ್ದು. ವಾಲಿ ತಿರುಗುವಾಗ ಗುರುತ್ವ ಮತ್ತು ಹೊರಕ್ಕೆ ತಳ್ಳಿದಂತೆ ಅನಿಸುವ ಬಲ ಎರಡೂ ಸೇರಿ ಸೀಟಿನ ಕಡೆಗೇ ಒತ್ತುತ್ತವೆ. ಮುಂದಿನ ಹಲಗೆಯ ಮೇಲಿಟ್ಟ ಕಾಫಿ ಲೋಟದಿಂದ ತೊಟ್ಟೂ ಚೆಲ್ಲುವುದಿಲ್ಲ. 30 ಡಿಗ್ರಿ ವಾಲಿ ಎತ್ತರ ಕಾಯ್ದುಕೊಂಡು ತಿರುಗುತ್ತಿದ್ದರೆ 50 ಕಿಲೋ ತೂಗುವ ಹುಡುಗನಿಗೆ ತಾನು ಸುಮಾರು 58 ಕಿಲೋ ಇದ್ದಂತೆ ಅನಿಸುತ್ತದೆ. ಕೊಸೈನ್ ಕೋಷ್ಟಕ ಬಲ್ಲವರು ಲೆಕ್ಕ ಹಾಕಿ ನೋಡಬಹುದು. ಎಂಟು ಕಿಲೋ ವ್ಯತ್ಯಾಸವನ್ನು ಗಾಬರಿಯಲ್ಲಿರುವವನು ಗಮನಿಸುವುದು ಕಷ್ಟ. ಒಳಕಿವಿಯಲ್ಲಿ 'ಕೆಳಗೆ' ಎಂದರೆ ಯಾವ ಕಡೆ ಎಂದು ಹೇಳಲೆಂದೇ ಇರುವ ಸುಣ್ಣದ ಹರಳುಗಳೂ ಇಲ್ಲಿ ಮೋಸ ಹೋಗುತ್ತವೆ. ಅವಕ್ಕೆ ಸೀಟಿನ ಕಡೆಯೇ ಕೆಳಗೆ.

ಈಗ ಕತ್ತಲಲ್ಲಿ ಕೂತವನ ಸ್ಥಿತಿ ಊಹಿಸಿಕೊಳ್ಳಿ. ಬಲ ರೆಕ್ಕೆ ಕೆಳಗಾಗಿದೆ, ಅವನಿಗೆ ಗೊತ್ತಿಲ್ಲ. ವಾಲಿದ ವಿಮಾನವನ್ನು ಎತ್ತಿ ಹಿಡಿಯುವ ಬಲದ ಒಂದು ಪಾಲು ಪಕ್ಕಕ್ಕೆ ಹೋಗುವುದರಿಂದ ಅದು ಇಳಿಯತೊಡಗುತ್ತದೆ. ಎತ್ತರ ಕಡಿಮೆಯಾಗುತ್ತಿರುವುದು ಮಾಪಕದಲ್ಲಿ ಕಾಣುತ್ತದೆ. 'ನೇರವಾಗಿಯೇ ಇದ್ದೇನೆ, ಮೂಗು ಮಾತ್ರ ಕೆಳಗಾಗಿದೆ' ಎಂದುಕೊಂಡು ಚುಕ್ಕಾಣಿಯನ್ನು ತನ್ನತ್ತ ಎಳೆಯುತ್ತಾನೆ. ನೇರವಾಗಿರುವ ವಿಮಾನ ಹಾಗೆ ಎಳೆದರೆ ಮೇಲೇರುತ್ತದೆ. ವಾಲಿದ ವಿಮಾನ ಇನ್ನೂ ಬಿಗಿಯಾಗಿ ಸುತ್ತುತ್ತದೆ. ಎಳೆದಷ್ಟೂ ಸುರುಳಿ ಕಿರಿದು, ವೇಗ ಹೆಚ್ಚು, ಇಳಿತ ಕಡಿದು. ಅಕಸ್ಮಾತ್ ರೆಕ್ಕೆಗಳನ್ನು ಸಮ ಮಾಡಿದನೆನ್ನಿ, ತುಳಸಿ ಎಲೆಯ ಕಥೆ ನೆನಪಿದೆಯಲ್ಲ, ಈಗ ಎಡಕ್ಕೆ ಉರುಳುತ್ತಿದ್ದೇನೆ ಎಂದು ಕಿವಿ ಕೂಗುತ್ತದೆ. ಮತ್ತೆ ಬಲಕ್ಕೇ ವಾಲಿಸುತ್ತಾನೆ. ಪೈಲಟ್‌ಗಳ ಭಾಷೆಯಲ್ಲಿ ಇದಕ್ಕೆ ಸ್ಮಶಾನದ ಸುರುಳಿ ಎಂದೇ ಹೆಸರು. 1999ರ ಆ ರಾತ್ರಿಯ ರೇಡಾರ್ ಚುಕ್ಕೆಗಳನ್ನು ಜೋಡಿಸಿದರೆ ಸಿಗುವ ಚಿತ್ರ ಇದನ್ನೇ ಹೋಲುತ್ತದೆ.

ಆ ತಿರುಗುವ ಕುರ್ಚಿಗೆ ಒಂದು ದೊಡ್ಡ ಇತಿಹಾಸವೂ ಇದೆ. ಒಳಕಿವಿಯ ಈ ವ್ಯವಹಾರವನ್ನು ಬಿಡಿಸಿ ಹೇಳಿ 1914ರ ನೊಬೆಲ್ ಪ್ರಶಸ್ತಿ ಪಡೆದವರು ವಿಯೆನ್ನಾದ ವೈದ್ಯ ರಾಬರ್ಟ್ ಬಾರಾನಿ. ಪ್ರಶಸ್ತಿ ಬಂದ ಸುದ್ದಿ ತಲುಪಿದಾಗ ಅವರು ರಷ್ಯನ್ನರ ಯುದ್ಧಕೈದಿ! ಪರೀಕ್ಷೆಯ ಕುರ್ಚಿಗೆ ಇಂದಿಗೂ ಅವರದೇ ಹೆಸರು. 1926ರಲ್ಲಿ ಅಮೆರಿಕದ ಸೇನೆಯ ಹಳೆಯ ಹುಲಿ ವಿಲಿಯಂ ಆಕರ್ ಎಂಬ ಪೈಲಟನ್ನು ಸೇನಾ ವೈದ್ಯ ಡೇವಿಡ್ ಮೈಯರ್ಸ್ ಇದೇ ಕುರ್ಚಿಯಲ್ಲಿ ಕೂರಿಸಿ ಕಣ್ಣು ಕಟ್ಟಿ ತಿರುಗಿಸಿದ. ಅಷ್ಟು ವರ್ಷ ಹಾರಿದವನೂ ಯಾವ ದಿಕ್ಕಿಗೆ ತಿರುಗುತ್ತಿದ್ದೇನೆಂದು ಸರಿಯಾಗಿ ಹೇಳಲಾರದೆ ಹೋದ. ಆತ ಅದನ್ನು ಅಲ್ಲಿಗೇ ಬಿಡಲಿಲ್ಲ. ಒಂದು ಪೆಟ್ಟಿಗೆಯೊಳಗೆ ತಿರುವು ತೋರಿಸುವ ಉಪಕರಣ, ದಿಕ್ಸೂಚಿ, ಪುಟ್ಟ ದೀಪ ಇಟ್ಟುಕೊಂಡು ಮರಳಿ ಬಂದ. ಹೊರಗಿನದೇನೂ ಕಾಣದಂತೆ ಪೆಟ್ಟಿಗೆಯೊಳಗೇ ಇಣುಕುತ್ತ ಕುರ್ಚಿಯಲ್ಲಿ ಕೂತ. ಈ ಸಲ ಪ್ರತಿ ಉತ್ತರವೂ ಸರಿ.

ಆ ತಿರುವು ಮಾಪಕದೊಳಗಿದ್ದುದು ಗೈರೋಸ್ಕೋಪು. ಹೆಸರು ಕೇಳಿ ಹೆದರಬೇಡಿ, ನಮ್ಮ ಬುಗುರಿ. ಬುಗುರಿ ಜೋರಾಗಿ ತಿರುಗುತ್ತಿರುವಷ್ಟು ಹೊತ್ತು ತನ್ನ ಅಕ್ಷವನ್ನು ಬಿಟ್ಟುಕೊಡುವುದಿಲ್ಲ. ಅದನ್ನು ಎಲ್ಲ ಕಡೆಗೂ ಓಲಾಡಬಲ್ಲ ಚೌಕಟ್ಟಿನಲ್ಲಿ ಕೂರಿಸಿದರೆ, ಚೌಕಟ್ಟು ಹೇಗೆ ವಾಲಿದರೂ ಬುಗುರಿ ನೆಟ್ಟಗೇ ಇರುತ್ತದೆ. ಅದಕ್ಕೆ ಅಡ್ಡ ಗೆರೆಯೊಂದನ್ನು ಜೋಡಿಸಿದರೆ ಆಯಿತು, ಕೃತಕ ದಿಗಂತ. 1929ರ ಸೆಪ್ಟೆಂಬರ್ 24ರಂದು ನ್ಯೂಯಾರ್ಕಿನ ಬಳಿ ಜಿಮ್ಮಿ ಡೂಲಿಟಲ್ ಎಂಬಾತ ಪೂರ್ತಿ ಮುಚ್ಚಿದ ಆಸನದಲ್ಲಿ ಕೂತು ಇಂಥ ಬುಗುರಿಗಳನ್ನೇ ನಂಬಿ ಮೇಲೇರಿ, ಸುತ್ತು ಹಾಕಿ, ಇಳಿದು ತೋರಿಸಿದ. ಒಟ್ಟು ಹದಿನೈದು ನಿಮಿಷ. ಅಪಾಯವಾದರೆ ಇರಲಿ ಎಂದು ಇನ್ನೊಬ್ಬ ಪೈಲಟ್ ಮುಂದಿನ ಆಸನದಲ್ಲಿದ್ದ, ಆದರೆ ಚುಕ್ಕಾಣಿ ಮುಟ್ಟಲಿಲ್ಲ. ಎಂಟು ತಿಂಗಳ ಬಳಿಕ ನಮ್ಮ ಆಸ್ಪಿ ಹಾರಿಬಂದ ಜಿಪ್ಸಿ ಮಾತ್‌ನಲ್ಲಿ ಇದಾವುದೂ ಇರಲಿಲ್ಲ. ಆ ಕಾಲದ ಪುಟ್ಟ ವಿಮಾನಗಳಿಗೆ ಕಡಲತೀರ, ನದಿ, ರೈಲುಹಳಿಗಳೇ ದಾರಿ. ಅವು ಕಾಣದಿದ್ದರೆ ಇಳಿದು ಕಾಯುವುದು.

ಇಂದು ಪುಟ್ಟ ವಿಮಾನದಲ್ಲೂ ಕೃತಕ ದಿಗಂತವಿದೆ. ಕೆನಡಿಯವರ ವಿಮಾನದಲ್ಲಿ ಅದೂ ಇತ್ತು, ತಾನಾಗಿ ಹಾರಿಸಬಲ್ಲ ಆಟೋಪೈಲಟ್ ಸಹ ಇತ್ತು. ಹಾಗಾದರೆ ಉಪಕರಣ ಇದ್ದರೆ ಸಾಲದೆ? ಈ ಪ್ರಶ್ನೆಗೆ ಇಲಿನಾಯ್ ವಿಶ್ವವಿದ್ಯಾಲಯದವರು 1954ರಲ್ಲಿ ಒಂದು ಪ್ರಯೋಗದಿಂದ ಉತ್ತರ ಕಂಡುಕೊಂಡರು. ಉಪಕರಣ ನೋಡಿ ಹಾರಿದ ಅನುಭವವೇ ಇಲ್ಲದ 20 ಮಂದಿಯನ್ನು ಆರಿಸಿದರು. ಹೊರಗಿನದು ಕಾಣದಂತೆ, ಉಪಕರಣವಷ್ಟೇ ಕಾಣುವಂತೆ ಮಾಡಿ, ಮೋಡದೊಳಗೆ ಹೊಕ್ಕ ಸ್ಥಿತಿ ಸೃಷ್ಟಿಸಿದರು. ಪಕ್ಕದಲ್ಲಿ ಶಿಕ್ಷಕ ಇದ್ದುದರಿಂದ ಯಾರಿಗೂ ಏನೂ ಆಗಲಿಲ್ಲ. ಆದರೆ 20ರಲ್ಲಿ 20 ಮಂದಿಯೂ ಹತೋಟಿ ಕಳೆದುಕೊಂಡರು. 19 ಜನ ಸ್ಮಶಾನದ ಸುರುಳಿಗೆ ಸಿಕ್ಕರು. ಒಬ್ಬ ಮೂಗನ್ನು ತೀರ ಮೇಲೆತ್ತಿ ವೇಗ ಕಳೆದುಕೊಂಡ. ಬೇಗ ಕೆಟ್ಟವನಿಗೆ ಹಿಡಿದದ್ದು 20 ಸೆಕೆಂಡು, ಹೆಚ್ಚು ತಾಳಿದವನಿಗೆ 480. ಸರಾಸರಿ 178 ಸೆಕೆಂಡು. ಮೂರು ನಿಮಿಷಕ್ಕೆ ಎರಡು ಸೆಕೆಂಡು ಕಡಿಮೆ.

ಈ 178 ಎಂಬ ಸಂಖ್ಯೆ ಪೈಲಟ್‌ಗಳ ಲೋಕದಲ್ಲಿ ಬಹಳ ಪ್ರಸಿದ್ಧ. ಪ್ರಯೋಗದ ಇನ್ನೊಂದು ಅರ್ಧ ಅಷ್ಟು ಪ್ರಸಿದ್ಧವಲ್ಲ, ನನಗೆ ಅದೇ ಹೆಚ್ಚು ಮುಖ್ಯವೆನಿಸುತ್ತದೆ. ಅದೇ ಮಂದಿಗೆ ಒಂದೇ ಒಂದು ಕೆಲಸ ಕಲಿಸಿದರು: ಹಿಂದಿರುಗುವುದು. ವೇಗ ತಗ್ಗಿಸು, ಚುಕ್ಕಾಣಿಯಿಂದ ಕೈ ತೆಗೆ, ಕಾಲಿನ ಪೆಡಲಿನಿಂದಷ್ಟೇ ನಿಧಾನವಾಗಿ ಅರ್ಧ ಸುತ್ತು ತಿರುಗಿ ಬಂದ ದಾರಿಯಲ್ಲೇ ಹೊರಗೆ ಬಾ. ಇಷ್ಟನ್ನು ಕೆಲವು ಗಂಟೆ ಅಭ್ಯಾಸ ಮಾಡಿದ ಮೇಲೆ ಹೆಚ್ಚು ಕಡಿಮೆ ಪ್ರತಿ ಯತ್ನದಲ್ಲೂ ಅವರು ಸುರಕ್ಷಿತವಾಗಿ ಹೊರಬಂದರು. ಮೋಡವನ್ನು ಭೇದಿಸಿ ಮುಂದೆ ಹೋಗುವುದನ್ನು ಯಾರೂ ಕಲಿಸಲಿಲ್ಲ.

ಹಿಂದಿರುಗಲು ಕಾಲಿನ ಪೆಡಲ್ ಮಾತ್ರ ಸಾಲದು, ಮನಸ್ಸೂ ಬೇಕು. ಮದುವೆಗೆ ಹೊತ್ತಾಯಿತು, ಕಾಯುತ್ತಿದ್ದಾರೆ, ಇಷ್ಟು ದೂರ ಬಂದಾಯಿತು ಎಂಬ ಮಾತುಗಳು ತಲೆಯಲ್ಲಿ ಓಡುತ್ತಿರುತ್ತವೆ. ಕೆಲವೊಮ್ಮೆ ಈ ಒತ್ತಡ ಹಾರಿಸುವವರದಲ್ಲ, ಮನೆಯವರದು. 1996ರ ಏಪ್ರಿಲ್‌ನಲ್ಲಿ ಜೆಸಿಕಾ ಡುಬ್ರಾಫ್ ಎಂಬ ಏಳು ವರ್ಷದ ಹುಡುಗಿ 'ಅಮೆರಿಕದ ಉದ್ದಕ್ಕೂ ವಿಮಾನ ಹಾರಿಸಿದ ಅತಿ ಕಿರಿಯಳು' ಎನಿಸಿಕೊಳ್ಳಲು ತಂದೆ ಮತ್ತು ಶಿಕ್ಷಕನೊಂದಿಗೆ ಕ್ಯಾಲಿಫೋರ್ನಿಯಾದಿಂದ ಹೊರಟಳು. ಮಗುವಿಗೆ ಲೈಸೆನ್ಸ್ ಇರಲು ಸಾಧ್ಯವಿಲ್ಲ, ಹೊಣೆ ಶಿಕ್ಷಕನದು. ದಾರಿಯುದ್ದಕ್ಕೂ ಟಿ.ವಿ., ಪತ್ರಿಕೆಯವರು. ಎರಡನೆಯ ದಿನ, ಏಪ್ರಿಲ್ 11ರ ಬೆಳಿಗ್ಗೆ, ಸಮುದ್ರಮಟ್ಟದಿಂದ ಆರು ಸಾವಿರ ಅಡಿಗೂ ಎತ್ತರದಲ್ಲಿರುವ ಶಾಯನ್ ಎಂಬ ಊರಿನಲ್ಲಿ ಗುಡುಗು ಮಳೆ ಶುರುವಾಗುತ್ತಿತ್ತು. ವಿಮಾನದಲ್ಲಿ ಮಿತಿ ಮೀರಿದ ಭಾರವಿತ್ತು. ಆದರೂ ಮೇಲೇರಿದರು. ಕೂಡಲೇ ಬಿದ್ದು ಮೂವರೂ ಸತ್ತರು. ಹವಾಮಾನ ಕೆಡುತ್ತಿದ್ದಾಗ ಹೊರಟ ಶಿಕ್ಷಕನ ನಿರ್ಧಾರವೇ ಕಾರಣ, ಮಾಧ್ಯಮಗಳಿಗೆ ಕೊಟ್ಟ ಮಾತಿನಿಂದ ಬಿಗಿಯಾಗಿದ್ದ ವೇಳಾಪಟ್ಟಿಯೂ ಅದಕ್ಕೆ ಒತ್ತಾಸೆಯಾಯಿತು ಎಂದಿತು ತನಿಖೆ. ಲೈಸೆನ್ಸ್ ಇಲ್ಲದವರು ದಾಖಲೆ ಮಾಡಲು ವಿಮಾನ ನಡೆಸುವುದನ್ನು ಅದೇ ವರ್ಷ ಅಮೆರಿಕ ಕಾನೂನಿನಿಂದ ನಿಷೇಧಿಸಿತು. ನಮ್ಮಲ್ಲೂ ಮೂರು ವರ್ಷದ ಮಗುವಿನಿಂದ ಏನಾದರೊಂದು 'ದಾಖಲೆ' ಮಾಡಿಸಿ ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿಸುವ ತಂದೆತಾಯಿಗಳಿದ್ದಾರೆ. ಇರಲಿ.

ಅಮೆರಿಕದಲ್ಲಿ ಖಾಸಗಿ ಪೈಲಟ್ ಲೈಸೆನ್ಸಿಗೆ ಕನಿಷ್ಠ 40 ಗಂಟೆ ಹಾರಿರಬೇಕು. ಅದರಲ್ಲಿ 3 ಗಂಟೆ ಉಪಕರಣಗಳನ್ನಷ್ಟೇ ನೋಡಿ ಹಾರುವ ತರಬೇತಿ. ಅದಕ್ಕೆ ಕಲಿಯುವವರ ಹಣೆಗೆ ಒಂದು ಮುಚ್ಚಿಗೆ ಹಾಕುತ್ತಾರೆ. ಜಟಕಾ ಕುದುರೆಗೆ ಹಾಕುವ ಕಣ್ಣುಪಟ್ಟಿಯಂಥದು. ಎದುರಿನ ಮಾಪಕಗಳು ಕಾಣುತ್ತವೆ, ಕಿಟಕಿ ಕಾಣುವುದಿಲ್ಲ. ಆಮೇಲೆ ಒಂದು ಆಟವಿದೆ. 'ಕಣ್ಣು ಮುಚ್ಚು, ತಲೆ ತಗ್ಗಿಸು, ಕೈ ತೊಡೆಯ ಮೇಲಿರಲಿ' ಎನ್ನುತ್ತಾನೆ ಶಿಕ್ಷಕ. ವಿಮಾನವನ್ನು ಮೆಲ್ಲಗೆ ಅತ್ತ ವಾಲಿಸಿ, ಇತ್ತ ವಾಲಿಸಿ, ಕೊನೆಗೆ ಯಾರಿಗೂ ತಿಳಿಯದಷ್ಟು ನಿಧಾನವಾಗಿ ಒಂದು ರೆಕ್ಕೆ ಇಳಿಸಿ, ಮೂಗು ತಗ್ಗಿಸಿ, 'ಈಗ ಹೇಗಿದ್ದೇವೆ?' ಎಂದು ಕೇಳುತ್ತಾನೆ. ನೇರವಾಗಿದ್ದೇವೆ ಎನ್ನುತ್ತಾನೆ ಹದಿನೇಳರ ಹುಡುಗ, ಪೂರ್ಣ ವಿಶ್ವಾಸದಿಂದ. 'ಸರಿ, ಕಣ್ಣು ತೆರೆ. ಈಗ ವಿಮಾನ ನಿನ್ನದು.' ಎದುರಿನ ಬುಗುರಿಯ ಗೆರೆ ಓರೆಯಾಗಿ ನಿಂತಿರುತ್ತದೆ. ವೇಗದ ಮುಳ್ಳು ಏರುತ್ತಿರುತ್ತದೆ. ಮೊದಲು ಎಂಜಿನ್ನಿನ ಬಲ ತಗ್ಗಿಸಬೇಕು, ಆಮೇಲೆ ರೆಕ್ಕೆ ಸಮ ಮಾಡಬೇಕು, ಅದಾದ ಮೇಲಷ್ಟೇ ಮೂಗು ಎತ್ತಬೇಕು. ಈ ಕ್ರಮ ತಪ್ಪುವಂತಿಲ್ಲ. ಅಷ್ಟು ಹೊತ್ತೂ ಕಿವಿ ಬೇರೆಯದನ್ನೇ ಕೂಗುತ್ತಿರುತ್ತದೆ.